ಬಿಂದಿಗೆಯೊಳಗಿನ ಅಳು

ಮರಿಯಮ್ಮ ಹುಟ್ಟಿದ್ದು ತಲಘಟ್ಟಪುರದಲ್ಲಿ, 1956ರ ಜೂನ್ 11, ಸೋಮವಾರ. 1974ರ ಮೇ 19ರ ಭಾನುವಾರ ಮದುವೆಯಾಗಿ ಕದಿರೇನಹಳ್ಳಿಗೆ ಬಂದರು. ಗಂಡನ ಮನೆಯ ರಾಗಿ ಹೊಲ ಪದ್ಮನಾಭನಗರದ ಬೀದಿಗಳೊಳಗೆ ಕರಗಿಹೋದ ಮೇಲೆ ಅವರಿಗೆ ಉಳಿದದ್ದು ಒಂದು ಮನೆ, ಅದರ ಮೇಲೊಂದು ಬಾಡಿಗೆಯ ಮಹಡಿ, ಮತ್ತು ತಾಯಿಯಿಂದ ಬಂದ ಕಂಠ. ಮದುವೆಯ ಮನೆಗೆ ಸೋಬಾನೆ ಹಾಡಲು ಅವರನ್ನು ಕರೆಯುತ್ತಿದ್ದರು. ಸಾವಿನ ಮನೆಗೆ ಯಾರೂ ಕರೆಯುವಂತಿರಲಿಲ್ಲ. ತಾವಾಗಿಯೇ ಹೋಗಿ, ಸತ್ತವರ ಹೆಸರು ಹಿಡಿದು ಪದ ಕಟ್ಟಿ ಅಳುತ್ತಿದ್ದರು. ಸಾವಿಲ್ಲದಲ್ಲಿ ಆ ಪದ ಎತ್ತಬಾರದೆಂದು ತಾಯಿ ಕಟ್ಟಪ್ಪಣೆ ಮಾಡಿದ್ದರು.

ಮಹಡಿಯಲ್ಲಿ ಬಾಡಿಗೆಗಿದ್ದವಳು ವಿಭಾ, ಲೋಹದ ಶಿಲ್ಪಗಳನ್ನು ಮಾಡುವ ಕಲಾವಿದೆ. 2024ರ ಫೆಬ್ರವರಿ 8ರ ಗುರುವಾರ ಬೆಳಿಗ್ಗೆ ಅವಳು ಮರಿಯಮ್ಮನವರ ಸೋಬಾನೆಯನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾಗ ತಲಘಟ್ಟಪುರದಿಂದ ಅಣ್ಣನ ಮಗ ನಂದಕುಮಾರನ ಫೋನು ಬಂತು.

"ಅತ್ತೆ, ಅಪ್ಪ ಹೋಗ್ಬಿಟ್ರು."

ಮರಿಯಮ್ಮ ಕುಳಿತಲ್ಲಿಯೇ ಪದ ಎತ್ತಿದರು. ಅಣ್ಣ ಚಿಕ್ಕಬೈರಪ್ಪನ ಹೆಸರು ಹಿಡಿದು ಎಂಟು ನಿಮಿಷ ಅತ್ತರು. ಯಂತ್ರವನ್ನು ನಿಲ್ಲಿಸಬೇಕೆಂಬುದು ವಿಭಾಗೆ ಹೊಳೆಯಲಿಲ್ಲ.

ಮಧ್ಯಾಹ್ನ ಮತ್ತೆ ಫೋನು. ಈ ಸಲ ಮಾತಾಡಿದವನು ಅಣ್ಣನೇ. "ಅಳು ನಿಲ್ಸೇ ಮರೀ, ಗಟ್ಟಿಯಾಗಿದೀನಿ. ಬೆಳಿಗ್ಗೆ ಕಾಗೆ ತಲೆಗೆ ಬಡೀತು, ಅದಕ್ಕೇ ಸುದ್ದಿ ಕಳಿಸ್ದೆ. ಬೀದಿಗೆಲ್ಲಾ ಕೇಳೋ ಹಂಗೆ ಅತ್ತೆಯಂತಲ್ಲ! ನಾನೇ ಬಂದು ಕೇಳ್ಬೇಕಾಗಿತ್ತು ಕಣೇ."

ಕಾಗೆ ತಲೆಗೆ ಬಡಿದರೆ ಗಂಡಾಂತರ. ಸತ್ತನೆಂದು ಸುಳ್ಳು ಸುದ್ದಿ ಕಳಿಸಿ ಒಡಹುಟ್ಟಿದವರನ್ನು ಅಳಿಸಿದರೆ ಅದು ಕಳೆಯುತ್ತದೆ. ಆದರೆ ಅತ್ತವರಿಗೆ ಅದೇ ದಿನ, ಹೊತ್ತು ಮುಳುಗುವುದರೊಳಗೆ, ನಿಜ ತಿಳಿಸಲೇಬೇಕು. ಇಲ್ಲವಾದರೆ ಅಳು ತನ್ನ ಹೆಣವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬುದು ಆ ಮನೆತನದ ನಂಬಿಕೆ.

"ಆಂಟಿ, ನಿಮ್ಮ ಹಾಡನ್ನ ನನ್ನ ಪ್ರದರ್ಶನದಲ್ಲಿ ಹಾಕ್ಲಾ?" ಎಂದು ವಿಭಾ ಮುಂದೊಂದು ದಿನ ಕೇಳಿದಳು. ಸೋಬಾನೆಯಿರಬೇಕೆಂದುಕೊಂಡು ಮರಿಯಮ್ಮ ಒಪ್ಪಿದರು.

ಪ್ರದರ್ಶನವು ನವೆಂಬರ್ 15ರ ಶುಕ್ರವಾರ ಜಯನಗರದ ಹಳೆಯ ಬಂಗಲೆಯೊಂದರಲ್ಲಿ ಆರಂಭವಾಯಿತು. ಮಂಡಿನೋವಿನಿಂದ ಮಲಗಿದ್ದ ಮರಿಯಮ್ಮ ಅಲ್ಲಿಗೆ ಹೋದದ್ದು 20ರ ಬುಧವಾರ ಸಂಜೆ. ಹಳೆಯ ತಾಮ್ರದ ಬಿಂದಿಗೆಗಳನ್ನು ಬಡಿದು ಬೆಸೆದು ಮಾಡಿದ, ಕಾಲು ಚಾಚಿ ಕುಳಿತ ಹೆಂಗಸಿನ ಆಕೃತಿ. ತಲೆಯಿರಬೇಕಾದಲ್ಲಿ ಬಿಂದಿಗೆಯ ಬಾಯಿ. ಅದರೊಳಗಿಂದ ಅವರದೇ ದನಿ ಬಂತು:

"ಎದ್ದು ಬಾರೋ ನನ್ನಣ್ಣ, ತಲಘಟ್ಟಪುರದ ಚಿಕ್ಕಬೈರಣ್ಣ..."

ಪದ ಮುಗಿಯುತ್ತಲೇ ಮರಿಯಮ್ಮ ಆಕೃತಿಯ ಮುಂದೆ ನಿಂತು ಗಟ್ಟಿಯಾಗಿ ಕೂಗಿದರು: "ಸುಳ್ಳು! ನನ್ನಣ್ಣ ಬದುಕವ್ನೆ!" ಬಂದಿದ್ದ ಜನ ಅದನ್ನೂ ಕಲೆಯೆಂದೇ ತಿಳಿದು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬಿಂದಿಗೆ ಮತ್ತೆ ಮೊದಲಿನಿಂದ ಅಳತೊಡಗಿತು.

"ನಿಲ್ಸಮ್ಮಾ ತಾಯಿ. ಎಷ್ಟು ಸಲ ಅಳ್ತದೆ ಇದು?"

"ದಿನಕ್ಕೆ ಅರವತ್ತು ಸಲ ಆಂಟಿ. ಭಾನುವಾರ ಮುಗಿಯತ್ತೆ. ಎಲ್ಲರೂ ಇದನ್ನ ಕೇಳೋಕೇ ಬರ್ತಿದಾರೆ."

"ಕೇಳ್ದೋರಿಗೆಲ್ಲ ನಿಜ ಹೇಳೋರು ಯಾರು? ಶುರುವಾಗಿ ಆರು ದಿನದ ಹೊತ್ತು ಮುಳುಗೋಯ್ತು!"

ವಿಭಾ ಹೋಗಿ ಸ್ವಿಚ್ಚು ಆರಿಸಿದಳು.

ಕೋಣೆ ಸ್ತಬ್ಧವಾಯಿತು. ಆದರೆ ಬಾಗಿಲ ಬಳಿಯಿಂದ ಅದೇ ಅಳು, ಸಣ್ಣ ದನಿಯಲ್ಲಿ, ಮತ್ತೆ ಎದ್ದಿತು. ವಿಶ್ರುತನೆಂಬ ಕಾಲೇಜು ತರುಣ ಗೆಳತಿಗೆ ತನ್ನ ಫೋನು ತೋರಿಸುತ್ತಿದ್ದ.

"ಭಾನುವಾರ ಬಂದಾಗ್ಲೇ ವಿಡಿಯೋ ಹಾಕ್ದೆ ಆಂಟಿ. ಸಖತ್ತಾಗಿದೆ! ಕನಕಪುರ ರಸ್ತೆ, ತಲಘಟ್ಟಪುರದ ವಾಟ್ಸಾಪ್ ಗ್ರೂಪುಗಳಲ್ಲೆಲ್ಲಾ ಓಡ್ತಿದೆ."

"ತೆಗೆದುಹಾಕಪ್ಪಾ."

"ನಂದು ತೆಗೀಬಹುದು. ಮಿಕ್ಕವರದ್ದು ಹೆಂಗೆ ತೆಗಿಯೋದು?"

ಮರುದಿನ, 21ರ ಗುರುವಾರ, ಬೆಳಿಗ್ಗೆ ಏಳೂಕಾಲಿಗೆ ಅಣ್ಣನ ಫೋನು ಬಂತು. "ಮರೀ, ಮನೆ ಮುಂದೆ ನೆಂಟ್ರು ಸೇರವ್ರೆ. ಹಾರ ಬೇರೆ ತಂದವ್ರೆ. ಬಾಗ್ಲು ನಾನೇ ತೆಗೆದೆ ನೋಡು, ಯಲ್ಲಯ್ಯ ಹಾರ ಬಿಸಾಕಿ ಓಡ್ದ!" ಚಿಕ್ಕಬೈರಪ್ಪ ನಕ್ಕ. ನಗು ಕೆಮ್ಮಿಗೆ ತಿರುಗಿತು, ಕೆಮ್ಮು ಬೇಗ ನಿಲ್ಲಲಿಲ್ಲ. ಆಮೇಲೆ, ಎಪ್ಪತ್ತನಾಲ್ಕು ವರ್ಷ ಯಾವುದಕ್ಕೂ ಅಂಜದವನು ಮೆಲ್ಲಗೆ ಕೇಳಿದ: "ರಾತ್ರಿಯಿಂದ ಎದೆ ಹಿಡಿದಂಗಿದೆ. ಡಾಕ್ಟ್ರು ಬರ್ತಾರಂತೆ. ನೀನೊಂದ್ಸಲ ಬಂದು ಜನಕ್ಕೆ ನಿಜ ಹೇಳ್ತೀಯಾ?"

"ಬಂದೆ ಕಣಣ್ಣ."

ಆಟೋ ತಲಘಟ್ಟಪುರದ ಮನೆಯ ತಿರುವು ತಲುಪಿದ್ದು ಎಂಟೂ ನಲವತ್ತಕ್ಕೆ. ಮರಿಯಮ್ಮ ಕಾಲು ನೆಲಕ್ಕೂರಿದಾಗಲಷ್ಟೇ ಅವರಿಗೆ ತಮ್ಮ ತಪ್ಪಿನ ಅರಿವಾಯಿತು. ಸೋಬಾನೆಗೆ ಕರೆಯದೆ ಅವರು ಯಾವ ಮನೆಗೆ ಬರುತ್ತಾರೆಂಬುದು ಆ ಊರಿನವರಿಗೆಲ್ಲ ಗೊತ್ತಿತ್ತು. ಅವರನ್ನು ಕಂಡೊಡನೆ ಹೆಂಗಸರು ಮಾತು ನಿಲ್ಲಿಸಿ, ಸೆರಗು ತಲೆಗೆಳೆದು, ಎರಡೂ ಬದಿಗೆ ಸರಿದು ದಾರಿ ಬಿಟ್ಟರು.

"ಇಲ್ಲ ಕಣ್ರೇ, ನಾನು ಅದಕ್ಕೆ ಬಂದಿಲ್ಲ," ಎಂದರು ಮರಿಯಮ್ಮ.

ಅವರ ಹಿಂದೆ ಯಾರೋ ಒಬ್ಬಾಕೆ ಆಗಲೇ ಅಳು ಎತ್ತಿದ್ದಳು.