ಓದದೆ ಬಿಟ್ಟ ಸಾಲು

ಅಮ್ಮನ ಅನ್ನನಾಳದ ಕ್ಯಾನ್ಸರ್ ಕೈಮೀರಿತ್ತು. ಜೀವಮಾನವೆಲ್ಲ ಮುದ್ದೆ ನುಂಗಿದ ಗಂಟಲಲ್ಲಿ ಗಂಜಿಯೂ ಇಳಿಯುತ್ತಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ, ಎರಡು ಹೊಸ ಔಷಧಿಗಳನ್ನು ಒಟ್ಟಿಗೆ ಕೊಟ್ಟು ನೋಡುವ ಪ್ರಯೋಗ ನಡೆಯುತ್ತಿದೆ, ಒಪ್ಪಿದರೆ ಸೇರಿಸಿಕೊಳ್ಳುತ್ತೇವೆ, ಗುಣವಾಗುತ್ತದೆಂದು ಮಾತು ಕೊಡಲಾರೆವು ಎಂದರು. ಓದಿ ನೋಡಲು ಒಪ್ಪಿಗೆಯ ಕಾಗದಗಳನ್ನು ಕೊಟ್ಟು ಕಳಿಸಿದರು.

ಅಮ್ಮನಿಗೆ ಸಹಿ ಹಾಕುವಷ್ಟೇ ಅಕ್ಷರ ಬರುತ್ತಿತ್ತು. ಶಿಡ್ಲಘಟ್ಟದ ಮನೆಯಲ್ಲಿ ಕೂತು ನಾನೇ ಓದಿ ಹೇಳಿದೆ. ವಾಂತಿ, ಭೇದಿ, ಬಾಯಿಹುಣ್ಣು, ಏನನ್ನೂ ಮುಚ್ಚಿಡಲಿಲ್ಲ. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಟ್ಟುಹೋಗಬಹುದು ಎಂಬ ಸಾಲು ಬಂತು. ಅದೊಂದನ್ನು ಹಾರಿಸಿ ಮುಂದಕ್ಕೆ ಹೋದೆ. ಗೊತ್ತಾದರೆ ಎರಡನೇ ಡ್ರಿಪ್ಪಿಗೇ ಸಾಕು ಅನ್ನುತ್ತಿದ್ದಳು. ನನಗೆ ಅಮ್ಮ ಬೇಕಿತ್ತು, ಅಷ್ಟೇ.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಮೊದಲಿಂದ ವಿವರಿಸಲು ಹೊರಟರೆ, "ಎಲ್ಲಾ ನನ್ನ ಮಗಳು ಓದಿ ಹೇಳವ್ಳೆ ಸಾರ್, ಎಲ್ಲಿ ಸೈನ್ ಹಾಕ್ಬೇಕು ತೋರ್ಸಿ" ಅಂದಳು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ.

ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಗಂಡಸರ ಮಧ್ಯೆ ಹರಾಜು ಕೂಗಿ, ನೂಲು ಬಿಚ್ಚಿ ನಮ್ಮನ್ನು ಸಾಕಿದವಳು ಆಕೆ. ಒಮ್ಮೆ ರೇಟು ಕೂಗಿದ ಮೇಲೆ, ಗೂಡು ಜಳ್ಳೆಂದು ಗೊತ್ತಾದರೂ ಹಿಂದೆ ಸರಿದವಳಲ್ಲ. ಸಹಿಯನ್ನೂ ಹಾಗೇ ತಿಳಿದಳು.

ಮೂರನೇ ಡ್ರಿಪ್ಪಿನ ಹೊತ್ತಿಗೆ ಬಾಯಿ ತುಂಬ ಹುಣ್ಣು. ಊರಿಗೆ ವಾಪಸು ಬರುವ ಬಸ್ಸು ಮೇಲೂರು ದಾಟುವಾಗ ಕೇಳಿದಳು: "ಇದನ್ನ ನಿಲ್ಸೋಕಾಗಲ್ವೇನಮ್ಮ?"

"ಸೈನ್ ಹಾಕಿದೀಯಲ್ಲಮ್ಮ" ಅಂದೆ.

ಸುಳ್ಳಲ್ಲ ನೋಡಿ! ಎಂಥ ಜಾಣೆ ನಾನು, ಥೂ.

"ಹೌದು ಬಿಡು, ಮಾತು ಕೊಟ್ಟಾಯ್ತು" ಎಂದು ಕಿಟಕಿಗೆ ತಲೆಯಾನಿಸಿದಳು. ಆಮೇಲೂ ಎರಡು ಸಲ ಕೇಳಿದಳು. ನಾನು ಅದೇ ಉತ್ತರ ಕೊಟ್ಟೆ. ಗಡ್ಡೆ ಮಾತ್ರ ಒಂದಿಷ್ಟೂ ಕರಗಲಿಲ್ಲ.

ಐದನೇ ಸಲ ಸೂಜಿ ಚುಚ್ಚುವ ಮೊದಲೇ ಅಮ್ಮ ಅತ್ತುಬಿಟ್ಟಳು. ನರ್ಸಮ್ಮ ಮಂಚದ ಪಕ್ಕ ಕೂತಳು. "ಇಷ್ಟು ಕಷ್ಟ ಆದ್ರೆ ಬೇಡ ಅಂದ್ಬಿಡಿ ಅಜ್ಜಿ. ಯಾರೂ ಬಲವಂತ ಮಾಡಲ್ಲ. ನೀವು ಸೈನ್ ಹಾಕಿದ ಕಾಗದದಲ್ಲೇ ಇದೆಯಲ್ಲ."

ಅಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ಬೈಯುತ್ತಾಳೆಂದು ಕಾದೆ. ಇಡೀ ಮಾರ್ಕೆಟ್ಟನ್ನೇ ಹೆದರಿಸಿದ ಬಾಯಿ ಅದು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಮೂರು ಸಲ ಕೇಳಿದ್ನಲ್ಲಮ್ಮ ನಿನ್ನ" ಅಂದಳು.

ಆಮೇಲೆ ನರ್ಸಮ್ಮನ ಕೈ ಹಿಡಿದುಕೊಂಡು, "ಆ ಕಾಗದ ತಂದು ಪೂರ್ತಿ ನೀನೇ ಓದು ತಾಯಿ" ಅಂದಳು.