ಒಳಗ ಜಾಗ ಐತಿ

ಕಂಡಕ್ಟರ್ ಅಂದಪ್ಪ ನಿವೃತ್ತನಾಗಿದ್ದಾನೆ. ಅವನ ಬಾಯಿ ಮಾತ್ರ ಇನ್ನೂ ಡ್ಯೂಟಿಯ ಮೇಲಿದೆ. ಸ್ಕಿಜೋಫ್ರೇನಿಯಾ ಇರುವ ಮಕ್ಕಳ ತಂದೆತಾಯಂದಿರು ತಿಂಗಳಿಗೊಂದು ಭಾನುವಾರ ಕುಷ್ಟಗಿಯ ಶಾಲೆಯೊಂದರ ಕೋಣೆಯಲ್ಲಿ ಸೇರುತ್ತಾರೆ. ಆ ಕೋಣೆಯನ್ನು ಅಂದಪ್ಪ ಬಸ್ಸೆಂದೇ ತಿಳಿದಿದ್ದಾನೆ. ಎಲ್ಲರನ್ನೂ ಕೂರಿಸಿ ತಾನು ಬಾಗಿಲ ಬಳಿ ನಿಲ್ಲುತ್ತಾನೆ. ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಊರು ಹಿಡಿದು ಕರೆಯುತ್ತಾನೆ: "ಕನಕಗಿರಿ, ಕಿಟಕಿ ಕಡೆ ಸರೀರಿ! ಯಲಬುರ್ಗಾ, ಚೀಲ ತೊಡಿ ಮ್ಯಾಲ ಇಟ್ಕೋರಿ!" ಮಗನಿಗೆ ದೆವ್ವ ಬಡಿದಿದೆಯೆಂದು ಯಾರಾದರೂ ಅತ್ತರೆ, "ದೆವ್ವ ಮುಂದಿನ ಸ್ಟಾಪಿಗೆ ಇಳೀತೈತಿ, ನೀವು ಗುಳಿಗಿ ಮಾತ್ರ ತಪ್ಪಿಸಬ್ಯಾಡ್ರಿ" ಎನ್ನುತ್ತಾನೆ. ಕುಕನೂರಿನ ಅನ್ನಮ್ಮ ಮೊದಲ ಸಲ ಬಂದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನಾ ಸುಮ್ನ ನೀರು ಕುಡಿಯಾಕ ಬಂದೀನ್ರಿ" ಎಂದಿದ್ದಳು. "ನೀರೂ ಒಳಗ ಐತವ್ವ. ಬಾಗಲದಾಗ ನಿಂದ್ರಬ್ಯಾಡ, ಒಳಗ ಜಾಗ ಐತಿ" ಎಂದು ಅವಳನ್ನೂ ಹತ್ತಿಸಿಕೊಂಡಿದ್ದ. ಈ ಭಾನುವಾರ ಮಾತ್ರ ಅವನ ಬಾಯಿಂದ ಒಂದೂರಿನ ಹೆಸರೂ ಹೊರಡಲಿಲ್ಲ. ಮನೆಯಲ್ಲಿ ಮಗ ಕೊಟ್ರೇಶ ಗುಳಿಗೆ ಉಗುಳಿ, ಅಪ್ಪ ಅನ್ನದಲ್ಲಿ ವಿಷ ಹಾಕುತ್ತಾನೆಂದು ಊಟ ಬಿಟ್ಟಿದ್ದ. ಅಂದಪ್ಪ ಸಭೆಗೆ ಬಂದವನು ಹೊಸಬನಂತೆ ಹೊಸ್ತಿಲಾಚೆಯೇ ನಿಂತು, "ನಾ ಸುಮ್ನ ಹೇಳಿ ಹೋಗಾಕ ಬಂದೀನಿ, ಇವತ್ತು ಆಗಂಗಿಲ್ಲ" ಎಂದು ತಿರುಗಿದ. ಅನ್ನಮ್ಮ ಬೆಂಚಿನ ಮೇಲೆ ಸರಿದು ಕೂತಳು. "ಅಣ್ಣಾರ, ಬಾಗಲದಾಗ ನಿಂದ್ರಬ್ಯಾಡ್ರಿ. ಒಳಗ ಜಾಗ ಐತಿ." ಆ ಕೋಣೆಯಲ್ಲಿ ಒಮ್ಮೆಯೂ ಕೂರದ ಅಂದಪ್ಪ ಬಂದು ಕೂತು, "ನಮ್ಮ ಕೊಟ್ರೇಶ..." ಎಂದ. ಯಲಬುರ್ಗಾ ತೊಡೆಯ ಮೇಲಿನ ಚೀಲವನ್ನು ಮೆಲ್ಲಗೆ ಕೆಳಗಿಟ್ಟು, ಅವನ ಕಡೆ ತಿರುಗಿ ಕೂತಿತು.