ಗೂಟದ ಮೇಲೆ ಎರಡು ಕೈ

ನಮ್ಮಜ್ಜಿ ಶಂಕ್ರೆವ್ವ ಯಾರನ್ನೂ ನಂಬಿದವಳಲ್ಲ. ತಿಕೋಟಾದ ನಮ್ಮ ಮನೆಗೆ ಹಾಲು ತರುವವಳ ತಂಬಿಗೆಯಲ್ಲಿ ನೀರು, ಬಳೆಗಾರನ ಮಾತಿನಲ್ಲಿ ಸುಳ್ಳು ಅವಳಿಗೆ ಮೊದಲೇ ಕಾಣುತ್ತಿತ್ತು. ವಿಜಾಪುರದ ಗಿರಣಿಯಲ್ಲಿ ನಮ್ಮ ಜೋಳ ಇಟ್ಟುಕೊಂಡು ಮತ್ತೊಬ್ಬರ ಹಿಟ್ಟು ಕೊಡುತ್ತಾರೆಂದು ೧೯೪೪ರಲ್ಲೂ ಹಿಟ್ಟೆಲ್ಲ ಮನೆಯಲ್ಲೇ ಬೀಸಬೇಕಿತ್ತು.

ಬೀಸುವ ಕಲ್ಲಿಗೆ ಅತ್ತೆ ಸೊಸೆ ಎದುರುಬದುರು ಕೂಡುತ್ತಿದ್ದರು. ಗೂಟ ಒಂದು, ಕೈ ಎರಡು. ಯಾರು ಎಷ್ಟು ಎಳೆಯುತ್ತಾರೆಂದು ಹೇಳುವುದು ಹೇಗೆ? ಅಜ್ಜಿಗೆ ಇಂಥದ್ದು ತಡೆಯದು. ಒಂದು ದಿನ ಬೀಸುತ್ತಿದ್ದಂತೆಯೇ ತನ್ನ ಕೈ ಸಡಿಲ ಬಿಟ್ಟಳು. ಕಲ್ಲು ನಿಂತೇಬಿಟ್ಟಿತು.

"ಸಿಕ್ಕಿಬಿದ್ದಿ ನೋಡು! ಇಷ್ಟ ದಿನ ನಾ ಒಬ್ಬಾಕಿನ ಬೀಸೇನಿ."

"ಅತ್ತಿ, ರಟ್ಟಿ ಭಾಳ ನೋಯಾಕತ್ತೈತ್ರಿ. ಕೈ ಎತ್ತಾಕ ಬರವಲ್ದು," ಎಂದಳು ನನ್ನವ್ವ ಲಕ್ಕವ್ವ.

"ಬಾವಿಲ್ಲ, ಗಾಯಿಲ್ಲ. ಎಂಥಾ ನೋವದು?"

ಮರುದಿನದಿಂದ ಕಲ್ಲು ಅವ್ವ ಒಬ್ಬಳ ಪಾಲಿಗೆ ಬಂತು. ಅಜ್ಜಿ ಬಾಗಿಲ ಸಂದಿಯಲ್ಲಿ ನಿಂತು ಕಾವಲು ಕಾದಳು. ರೊಟ್ಟಿ ಬಡಿಯುವಾಗ ಅವ್ವನ ಕೈ ಚೆನ್ನಾಗಿಯೇ ಆಡುತ್ತಿತ್ತು. ರೊಟ್ಟಿ ಬಡಿಯಲು ಕೈ ಮೇಲೆತ್ತಬೇಕಿಲ್ಲ ಎಂಬುದು ಮಾತ್ರ ಆ ಚುರುಕು ತಲೆಗೆ ಹೊಳೆಯಲಿಲ್ಲ. ಅವ್ವನ ತವರೂರು ಅರಕೇರಿಗೆ ಹೇಳಿಕಳಿಸಿದಳು: ಮಗಳನ್ನು ಕರೆದೊಯ್ಯಿರಿ, ಮತ್ತೆ ಕಳಿಸಬೇಡಿ. ಅಪ್ಪ ಅಜ್ಜಿಯ ಎದುರು ತುಟಿ ಬಿಚ್ಚುವವನಲ್ಲ. ಗಂಡ ಬಿಟ್ಟವಳೆಂದು ತವರಿನಲ್ಲಿ ಬಾಳುವುದನ್ನು ನೆನೆದು ಅವ್ವನ ಜೀವ ಅರ್ಧವಾಯಿತು.

ಆ ವಾರವೇ ಒಂದು ಮಧ್ಯಾಹ್ನ ಅವ್ವ ಎಡ ಬಗಲಲ್ಲಿ ಕೂಸು ಎತ್ತಿಕೊಂಡು ಪಡಸಾಲೆಗೆ ಬಂದಳು. ಆ ಕೂಸು ನಾನು. ಅವಳ ಸೆರಗು ತಲೆಯಿಂದ ಜಾರಿತ್ತು. ಅದೇ ಹೊತ್ತಿಗೆ ಅವಳ ಮಾವ, ನಮ್ಮಜ್ಜ ಅಮರಪ್ಪ, ಎದುರಿಗೆ ಬಂದುಬಿಟ್ಟ. ಅವ್ವ ಗಾಬರಿಯಾಗಿ ಬಲಗೈ ಎತ್ತಿದಳು. ಅದು ಎದೆಯವರೆಗೆ ಬಂದು ನಿಂತಿತು. ಮತ್ತೆ ಎತ್ತಿದಳು, ಬೆವೆತಳು, ಏಳಲಿಲ್ಲ. ಕೊನೆಗೆ ಗೋಡೆಗೆ ಮುಖ ಮಾಡಿ ಕೂತು ಅತ್ತುಬಿಟ್ಟಳು. ಅಜ್ಜ ಪಾಪ, ಬಂದ ದಾರಿಗೇ ಹೊರಳಿದ.

ಬಾಗಿಲ ಸಂದಿಯಿಂದ ಅಜ್ಜಿ ಎಲ್ಲ ಕಂಡಳು. ಸೊಸೆ ಜ್ವರ ಬಂದಂತೆ ನಟಿಸಬಹುದು, ಹೊಟ್ಟೆನೋವೆಂದು ಹೊರಳಾಡಬಹುದು. ಮಾವನೆದುರು ಬರಿದಲೆಯಲ್ಲಿ ನಿಲ್ಲುವ ನಾಟಕವನ್ನು ಯಾವ ಸೊಸೆಯೂ ಆಡಳು.

ಅಂದೇ ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಸೊಸೆಯ ಭುಜಕ್ಕೆ ಶಾಖ ಕೊಟ್ಟಳು. "ಕೈ ಕಟ್ಟಿ ಇಡಬ್ಯಾಡ್ರಿ, ಇನ್ನಷ್ಟ ಬಿಗದ ಹೋಗತೈತಿ. ನಂದೂ ಹಂಗ ಆಗಿತ್ತು," ಎಂದಳು ನೆರೆಮನೆಯ ಮದೀನಾಬಿ. ಅಜ್ಜಿ ಅವಳನ್ನೂ ಓರೆಗಣ್ಣಲ್ಲಿ ನೋಡಿದಳು, ಆದರೆ ಮಾತು ಕೇಳಿದಳು. ಬೆಳಿಗ್ಗೆ ಕಲ್ಲಿನ ಮುಂದೆ ತಾನೇ ಕೂತಳು.

"ಜಗ್ಗಬ್ಯಾಡ. ಸುಮ್ಮ ಕೈ ಇಡು, ನಾ ತಿರುವತೇನಿ."

ಕಲ್ಲಿನ ಜೊತೆ ಅವ್ವನ ಕೈಯೂ ಮೆಲ್ಲಗೆ ಸುತ್ತತೊಡಗಿತು. ದಿನ ಕಳೆದಂತೆ ಬಿಗಿತ ಸ್ವಲ್ಪ ಸಡಿಲಾಯಿತು.

ಅಷ್ಟರಲ್ಲಿ ಅರಕೇರಿಯಿಂದ ಅವ್ವನ ತಂದೆ ಗುರಲಿಂಗಪ್ಪ ಗಾಡಿ ಕಟ್ಟಿಕೊಂಡು ಬಂದ.

"ನನ್ನ ಮಗಳು ಏನ ತಪ್ಪ ಮಾಡ್ಯಾಳ್ರಿ?"

"ಏನೂ ಇಲ್ರಿ. ಆಕಿ ಕೈ ನಾನ ಕೆಡಿಸೇನಿ. ನೆಟ್ಟಗಾಗೂತನಾ ಕಳಸೂದಿಲ್ಲ," ಎಂದಳು ಅಜ್ಜಿ.

ಅವನು ನಂಬಲಿಲ್ಲ. ಹೆದರಿಸಿ ಇಟ್ಟುಕೊಂಡಿದ್ದಾರೇನೋ ಎಂದು ಮಗಳನ್ನು ಗಾಡಿಯ ಹತ್ತಿರ ಕರೆದು ಮೆಲ್ಲಗೆ ಕೇಳಿದ. ಅಜ್ಜಿ ಕದ್ದು ಕೇಳಲು ಹೋಗಲಿಲ್ಲ. ಒಲೆಯ ಮುಂದೆ ಕೂತು ಮತ್ತೆ ಉಪ್ಪು ಹುರಿಯತೊಡಗಿದಳಂತೆ.

"ನೀ ಗಾಡಿ ಹೊಡಕೊಂಡ ಹೋಗ ಯಪ್ಪಾ," ಎಂದಳು ಅವ್ವ. "ಅತ್ತೀಗೆ ವಯಸ್ಸಾಗೇತಿ. ಒಬ್ಬಾಕಿಗೆ ಬೀಸೂದು ಆಗೂದಿಲ್ಲ."